ಡಬ್ಬಿ ಆಮೇಲೆ, ಮೊದಲು ತಟ್ಟೆ ತೋರಿಸಿ

ಕಳೆದ ಸಂಚಿಕೆಯಲ್ಲಿ ‘ಮೈ ಕಟ್ಟೋದು, ಕೊಬ್ಬು ಇಳಿಸೋದು – ಏನೇ ಅನುಮಾನ ಇದ್ದರೂ ಬರೆಯಿರಿ’ ಎಂದಿದ್ದೆ. ನಲವತ್ತಕ್ಕೂ ಹೆಚ್ಚು ಪತ್ರ ಬಂದವು. ಮುಕ್ಕಾಲು ಪತ್ರಗಳಲ್ಲಿ ಪ್ರೋಟೀನ್ ಪುಡಿಯಂಥ ಡಬ್ಬಿಗಳ ಹೆಸರಿದೆ, ಬೆಲೆ ಇದೆ. ಕೆಲವರು ಫೋಟೊ ಕೂಡ ಕಳಿಸಿದ್ದಾರೆ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ತಿಂದಿರಿ ಅಂತ ಬರೆದವರು ನಾಲ್ಕೇ ಜನ. ಮೈಸೂರಿನ ನನ್ನ ಪುಟ್ಟ ಕ್ಲಿನಿಕ್ಕಿನಲ್ಲೂ ಹೀಗೇ. ಮೇಜಿನ ಮೇಲೆ ಅಡುಗೆಮನೆಯ ತಕ್ಕಡಿ, ಒಂದು ಸೌಟು, ಎರಡು ಬಟ್ಟಲು ಇಟ್ಟುಕೊಂಡು ಕೂತಿರುತ್ತೇನೆ. ಬಂದವರು ‘ಯಾವ ಪೌಡರ್ ಒಳ್ಳೇದು?’ ಅಂತಲೇ ಶುರು ಮಾಡುತ್ತಾರೆ. ತಟ್ಟೆ ಹೇಳಿದವರಿಗೆ ಈ ಸಲ ಮೊದಲ ಮರ್ಯಾದೆ.

ಪ್ರಶ್ನೆ: ವಯಸ್ಸು 23, ತೂಕ 62 ಕೆಜಿ. ಊರು ದಾವಣಗೆರೆ ಹತ್ತಿರ, ಈಗ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ. ಸಂಬಳ 19 ಸಾವಿರ. ಜಿಮ್ ಸೇರಿ ಮೂರು ತಿಂಗಳಾಯಿತು. ವೇ ಪ್ರೋಟೀನ್, ಮಾಸ್ ಗೇನರ್, ಬಿಸಿಎಎ ಮೂರೂ ಬೇಕೇ ಬೇಕು ಅಂತಾರೆ ಟ್ರೈನರ್. ತಿಂಗಳಿಗೆ 6 ಸಾವಿರ ಆಗುತ್ತೆ. ಇದಿಲ್ಲದೆ ಬಾಡಿ ಬರಲ್ವಾ? ನಾನು ತಿನ್ನೋದು: ಬೆಳಿಗ್ಗೆ ಮೂರು ಇಡ್ಲಿ ಸಾಂಬಾರ್. ಮಧ್ಯಾಹ್ನ ಮೆಸ್‌ನಲ್ಲಿ ಒಂದು ಮುದ್ದೆ, ಅನ್ನ, ಸಾರು. ಸಂಜೆ ಟೀ, ಬನ್. ರಾತ್ರಿ ರೂಮಿನಲ್ಲಿ ಮೂರು ಚಪಾತಿ, ಪಲ್ಯ, ಒಂದು ಮೊಟ್ಟೆ.

ಇಷ್ಟು ಚೆಂದ ಬರೆದಿದ್ದೀರಲ್ಲ, ಬನ್ನಿ ಕೂಡೋಣ. ಇಡ್ಲಿಗೆ ತಲಾ 2 ಗ್ರಾಂ ಪ್ರೋಟೀನ್, ಮೂರಕ್ಕೆ 6. ಹೋಟೆಲ್ ಸಾಂಬಾರಿಗೆ 3 ಅಂತ ಹಾಕುತ್ತೇನೆ, ಅದೂ ಧಾರಾಳವೇ. ಮುದ್ದೆಗೆ 100 ಗ್ರಾಂ ರಾಗಿ ಹಿಟ್ಟು ಹಿಡಿದರೆ 7. ಎರಡು ಬಟ್ಟಲು ಅನ್ನಕ್ಕೆ 8. ಮೆಸ್ ಸಾರಿಗೆ 4. ಟೀ, ಬನ್‌ಗೆ 4. ಚಪಾತಿಗೆ 9, ಪಲ್ಯಕ್ಕೆ 2, ಮೊಟ್ಟೆಗೆ 6. ಒಟ್ಟು 49 ಗ್ರಾಂ.

ಭಾರ ಎತ್ತದೆ ಸುಮ್ನೆ ಇರುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ತೂಕದ ಪ್ರತಿ ಕೆಜಿಗೆ 0.83 ಗ್ರಾಂ. ನಿಮ್ಮ ತೂಕಕ್ಕೆ 51 ಗ್ರಾಂ ಆಯಿತು. ಅಂದರೆ ನೀವು ಜಿಮ್‌ಗೆ ಹೋಗದಿದ್ದರೂ ಸ್ವಲ್ಪ ಕಡಿಮೆಯೇ ತಿನ್ನುತ್ತಿದ್ದೀರಿ. ಭಾರ ಎತ್ತಿ ಮಾಂಸಖಂಡ ಕಟ್ಟುವವರಿಗೆ ಕೆಜಿಗೆ 1.6 ಗ್ರಾಂ ಸಾಕು ಅನ್ನುವುದು ಇವತ್ತು ಬಹಳ ಜನ ಒಪ್ಪುವ ಲೆಕ್ಕ. ಅದು 99 ಗ್ರಾಂ. ನೂರು ಅನ್ನಿ. ಐವತ್ತು ಎಲ್ಲಿಂದ ತರೋದು ಅನ್ನುವುದೇ ಈಗಿನ ಪ್ರಶ್ನೆ.

ಇನ್ನು ಮೂರು ಮೊಟ್ಟೆ ಸೇರಿಸಿ, 18 ಗ್ರಾಂ. ಅರ್ಧ ಲೀಟರ್ ಹಾಲು, 16. ಒಂದು ಹಿಡಿ ಮೀಲ್ ಮೇಕರ್ (ಸೋಯಾ ಉಂಡೆ), ಒಣಗಿದ್ದು 50 ಗ್ರಾಂ ತೂಗಿ ಬಿಸಿನೀರಲ್ಲಿ ನೆನೆಸಿ ಹಿಂಡಿ ಪಲ್ಯಕ್ಕೆ ಹಾಕಿ, 26. ಅಲ್ಲಿಗೆ 60 ಗ್ರಾಂ ಬಂತು, ನೂರು ದಾಟಿತು. ನಮ್ಮ ಬೀದಿಯ ಅಂಗಡಿ ಬೆಲೆಯಲ್ಲಿ ಮೊಟ್ಟೆಗೆ 21, ಹಾಲಿಗೆ 24, ಮೀಲ್ ಮೇಕರ್‌ಗೆ 10, ಒಟ್ಟು ದಿನಕ್ಕೆ 55 ರೂಪಾಯಿ. ತಿಂಗಳಿಗೆ 1,650. ಉಳಿದ ದುಡ್ಡು ಊರಿಗೆ ಕಳಿಸಿ.

ಮೀಲ್ ಮೇಕರ್ ಅಂದ ತಕ್ಷಣ ಹುಡುಗರು ಮುಖ ಹುಳ್ಳಗೆ ಮಾಡುತ್ತಾರೆ. ಸೋಯಾ ತಿಂದರೆ ಗಂಡಸುತನ ಕಡಿಮೆಯಾಗುತ್ತೆ ಅಂತ ಯಾರೋ ವಿಡಿಯೊದಲ್ಲಿ ಹೇಳಿರುತ್ತಾರೆ. ಗಂಡಸರ ಮೇಲೆ ನಡೆದ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಟೆಸ್ಟೊಸ್ಟೆರಾನ್ ಇಳಿದದ್ದು ಕಂಡಿಲ್ಲ. 50 ಗ್ರಾಂ ಧೈರ್ಯವಾಗಿ ತಿನ್ನಿ. ಮೊದಲ ವಾರ ಹೊಟ್ಟೆ ಉಬ್ಬರಿಸಬಹುದು, 25 ಗ್ರಾಂನಿಂದ ಶುರು ಮಾಡಿ.

ಇನ್ನು ಡಬ್ಬಿಗಳು. ವೇ ಪ್ರೋಟೀನ್ ವಿಷವೂ ಅಲ್ಲ, ಅಮೃತವೂ ಅಲ್ಲ. ಮನೆಯಲ್ಲಿ ಹಾಲು ಒಡೆಸಿ ಪನೀರ್ ಮಾಡಿದಾಗ ತಿಳಿಹಳದಿ ನೀರು ಉಳಿಯುತ್ತಲ್ಲ, ನಾವು ಚಪಾತಿ ಹಿಟ್ಟಿಗೆ ಸುರಿಯುವುದು, ವೇ ಅಂದರೆ ಅದೇ. ಚೀಸ್ ಕಾರ್ಖಾನೆಗಳಲ್ಲಿ ಆ ನೀರನ್ನು ಸೋಸಿ, ಒಣಗಿಸಿ, ಚಾಕಲೇಟ್ ವಾಸನೆ ಹಾಕಿ ಡಬ್ಬಿಗೆ ತುಂಬುತ್ತಾರೆ. ಒಳ್ಳೆಯ ಕಂಪನಿಯ ಒಂದು ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್ ಇರುತ್ತೆ. ನಾಲ್ಕು ಮೊಟ್ಟೆಯಲ್ಲೂ ಅಷ್ಟೇ. ಕೆಲಸದ ಪಾಳಿ ಹಾಳು, ಅಡುಗೆಗೆ ಜಾಗವಿಲ್ಲ ಅನ್ನುವವರಿಗೆ ಅನುಕೂಲ, ಅಷ್ಟೇ ಅದರ ದೊಡ್ಡಸ್ತಿಕೆ. 2024ರಲ್ಲಿ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಹೊರಡಿಸಿದ ಆಹಾರ ಸೂಚನೆಯಲ್ಲಂತೂ ಮೈ ಕಟ್ಟಲು ಪ್ರೋಟೀನ್ ಪೌಡರ್ ಬೇಡ ಅಂತಲೇ ಬರೆದಿದ್ದಾರೆ. ನಾನು ಅಷ್ಟು ಕಟ್ಟುನಿಟ್ಟಲ್ಲ. ಆದರೆ 19 ಸಾವಿರ ಸಂಬಳದಲ್ಲಿ ಬೇಡ.

ಬಿಸಿಎಎ ಬಿಟ್ಟುಬಿಡಿ. ಅದು ಮೂರು ಅಮೈನೊ ಆಮ್ಲ. ಮೂರೂ ಮೊಟ್ಟೆ, ಹಾಲು, ಬೇಳೆಯಲ್ಲಿ ಆಗಲೇ ಇವೆ. ಮಾಸ್ ಗೇನರ್ ಲೇಬಲ್ ಓದಿ ನೋಡಿ, ಮೊದಲ ಸಾಲಿನಲ್ಲಿ ಬಹಳ ಸಲ ಮಾಲ್ಟೋಡೆಕ್ಸ್‌ಟ್ರಿನ್ ಇರುತ್ತೆ. ಅದು ಮೆಕ್ಕೆಜೋಳದ ಅಥವಾ ಬೇರೆ ಪಿಷ್ಟದಿಂದ ತೆಗೆದ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುವ ಪುಡಿ. ನಿಮ್ಮೂರಿಂದ ಅಮ್ಮ ರಾಗಿ ಹುರಿಹಿಟ್ಟು ಕಳಿಸಲ್ವಾ? ನಾಲ್ಕು ಚಮಚ ಹುರಿಹಿಟ್ಟು, ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಚೂರು ಬೆಲ್ಲ, ಮೇಲೆ ಒಂದು ಹಿಡಿ ಕಡಲೆಕಾಯಿ ಬೀಜ. ನಿಮ್ಮ ಮಾಸ್ ಗೇನರ್ ಅದು.

ಹೊಸಬರಿಗೆ ಎಲ್ಲ ಸರಿಹೋದರೆ ತಿಂಗಳಿಗೆ ಅರ್ಧ ಕೆಜಿಯಿಂದ ಒಂದು ಕೆಜಿ ಬರುತ್ತೆ. ‘ಮೂವತ್ತು ದಿನದಲ್ಲಿ ಐದು ಕೆಜಿ ಮಸಲ್’ ಅಂದವನ ಹತ್ತಿರ ಇನ್ನೊಂದು ಸಲ ಹೋಗಬೇಡಿ.

ಪ್ರಶ್ನೆ: ವಯಸ್ಸು 41, ಶಿರಸಿ ಸೀಮೆ, ಶುದ್ಧ ಸಸ್ಯಾಹಾರಿ. ತೂಕ 68. ಹೊಟ್ಟೆ ಮಾತ್ರ ಕರಗುತ್ತಿಲ್ಲ. ದಿನಾ ಬೆಳಿಗ್ಗೆ ಬಿಸಿನೀರು, ಲಿಂಬೆ, ಜೇನು. ಆಮೇಲೆ ಎರಡು ತೆಳ್ಳೇವು (ತೆಳು ದೋಸೆ), ಜೋನಿಬೆಲ್ಲ. ಮಧ್ಯಾಹ್ನ ಅನ್ನ, ತಂಬುಳಿ, ಹುಳಿ, ಮಜ್ಜಿಗೆ. ಸಂಜೆ ಚಾ ಜೊತೆ ಎರಡು ರಸ್ಕ್. ರಾತ್ರಿ ಊಟ ಬಿಟ್ಟು ಎಂಟು ತಿಂಗಳಾಯಿತು. ಮೊದಲು 6 ಕೆಜಿ ಇಳಿಯಿತು, ಪೂರ್ತಿ ವಾಪಸ್ ಬಂತು. ಕೂದಲು ಸಿಕ್ಕಾಪಟ್ಟೆ ಉದುರುತ್ತಿದೆ. ಫ್ಯಾಟ್ ಬರ್ನರ್ ಮಾತ್ರೆ ತೆಗೆದುಕೊಳ್ಳಬಹುದೇ?

ಮಾತ್ರೆ ಬೇಡ. ರಾತ್ರಿ ಊಟ ಬೇಕು.

ಅಕ್ಕಾ, ನಿಮ್ಮ ಪಟ್ಟಿ ಓದಿ ನನಗೆ ಬೇಜಾರಾಯಿತು. ನೀವು ಜಾಸ್ತಿ ತಿಂದು ದಪ್ಪ ಆದವರಲ್ಲ. ತೆಳ್ಳೇವಿಗೆ 3 ಗ್ರಾಂ, ಅನ್ನಕ್ಕೆ 7, ಹುಳಿಗೆ 4, ಮಜ್ಜಿಗೆಗೆ 2, ಚಾ ಮತ್ತು ರಸ್ಕ್ ಸೇರಿ 5. ಒಟ್ಟು ಇಪ್ಪತ್ತೊಂದೇ ಗ್ರಾಂ ಪ್ರೋಟೀನ್. ತಂಬುಳಿ ನನಗೂ ಪ್ರಾಣ. ಆದರೆ ಅದರಲ್ಲಿ ಇರುವುದು ಸೊಪ್ಪು, ಒಂದಿಷ್ಟು ಕಾಯಿ, ನೀರು ಮಜ್ಜಿಗೆ. ಪ್ರೋಟೀನ್ ಲೆಕ್ಕಕ್ಕೆ ಸೊನ್ನೆ ಅಂತಲೇ ಬರೆದುಕೊಳ್ಳಬೇಕು.

ಇಷ್ಟು ಕಡಿಮೆ ಪ್ರೋಟೀನಿನಲ್ಲಿ ಊಟ ಬಿಟ್ಟರೆ ಮೈ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತೆ. ತಕ್ಕಡಿ 6 ಕೆಜಿ ಇಳಿದದ್ದು ತೋರಿಸಿತು, ಯಾವ 6 ಕೆಜಿ ಅಂತ ತೋರಿಸಲಿಲ್ಲ. ತೂಕ ವಾಪಸ್ ಬರುವಾಗ ಕೊಬ್ಬು ಸಲೀಸಾಗಿ ಬರುತ್ತೆ. ಮಾಂಸಖಂಡ ಕರೆಯದೆ ಬರಲ್ಲ. ಅದಕ್ಕೇ ತೂಕ ಮೊದಲಿನಷ್ಟೇ ಇದ್ದರೂ ಹೊಟ್ಟೆ ಹೆಚ್ಚಾದ ಹಾಗೆ ಕಾಣುತ್ತೆ. ಗಬಕ್ಕನೆ ತೂಕ ಇಳಿಸಿದ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದೂ ಮಾಮೂಲು. ಆದರೂ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿಬಿಡಿ.

ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸುವ ಆಹಾರ, ಮಾತ್ರೆ, ಬೆಲ್ಟು, ವ್ಯಾಯಾಮ ಯಾವುದೂ ಇಲ್ಲ. ಮೈ ತನಗೆ ಇಷ್ಟ ಬಂದ ಕಡೆಯಿಂದ ಕೊಬ್ಬು ತೆಗೆಯುತ್ತೆ, ನಾವು ಬೆರಳು ತೋರಿಸಿದ ಕಡೆಯಿಂದಲ್ಲ. ಬಿಸಿನೀರಿನ ಜೇನು ಕೊಬ್ಬು ಕರಗಿಸಲ್ಲ. ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲೊರಿ ಇರುತ್ತೆ. ರುಚಿಗೆ ಕುಡಿಯಿರಿ, ಔಷಧಿ ಅಂತ ಬೇಡ.

ಬದಲಾವಣೆ ಇಷ್ಟು. ತೆಳ್ಳೇವು ಎರಡೇ ಇರಲಿ, ಜೊತೆಗೆ ಜೋನಿಬೆಲ್ಲದ ಬದಲು ಒಂದು ಬಟ್ಟಲು ಹೆಸರುಕಾಳು ಅಥವಾ ಕಡಲೆಕಾಳು ಉಸ್ಲಿ. ಒಣ ಕಾಳು 50 ಗ್ರಾಂ ನೆನೆಸಿದರೆ 11 ಗ್ರಾಂ ಪ್ರೋಟೀನ್ ಸಿಗುತ್ತೆ. ಮಧ್ಯಾಹ್ನ ಅನ್ನ ಒಂದು ಸೌಟು ಕಡಿಮೆ, ನೀರು ಮಜ್ಜಿಗೆಯ ಬದಲು ದೊಡ್ಡ ಬಟ್ಟಲು ಗಟ್ಟಿ ಮೊಸರು, 300 ಗ್ರಾಂ. ಇದರಲ್ಲಿ 10. ರಸ್ಕ್ ಬದಲು ಒಂದು ಹಿಡಿ ಹುರಿಗಡಲೆ, 6. ರಾತ್ರಿ ಒಂದು ಚಪಾತಿ, 75 ಗ್ರಾಂ ಪನೀರ್ ಹಾಕಿದ ತರಕಾರಿ ಪಲ್ಯ, ಅದಕ್ಕೆ 16. ಈಗ ಲೆಕ್ಕ 60ರ ಹತ್ತಿರ ಬಂತು. ಒಂದು ತಿಂಗಳು ಇಷ್ಟಕ್ಕೆ ಹೊಂದಿಕೊಳ್ಳಿ, ಆಮೇಲೆ 70ಕ್ಕೆ ಏರಿಸೋಣ.

ಹುಳಿಯ ವಿಷಯದಲ್ಲಿ ಒಂದು ಮಾತು. ನಮ್ಮ ಕಡೆ ಹುರುಳಿಕಾಳಿನ ಬಸ್ಸಾರು ಮಾಡುತ್ತೇವೆ. ಕಾಳು ಬೇಯಿಸಿ ಕಟ್ಟು ಬಸಿದು ಸಾರು, ಕಾಳು ಪಲ್ಯಕ್ಕೆ. ಮನೆಯವರಿಗೆಲ್ಲ ಪಲ್ಯ ಬಡಿಸಿ, ಕೊನೆಗೆ ತಾವು ಬರೀ ಸಾರು ಅನ್ನ ಉಂಡು ಏಳುವ ಹೆಂಗಸರನ್ನು ನಾನು ಎಷ್ಟು ನೋಡಿದ್ದೇನೋ. ‘ಹುರುಳಿ ತಿಂತೀನಿ ಮೇಡಂ’ ಅನ್ನುತ್ತಾರೆ. ಪ್ರೋಟೀನ್ ಹೆಚ್ಚಿನಂಶ ಕಾಳಲ್ಲೇ ಉಳಿದಿರುತ್ತೆ. ನಿಮ್ಮ ಹುಳಿಯೂ ಹಾಗೇ. ಸೌಟನ್ನು ಪಾತ್ರೆಯ ತಳಕ್ಕೆ ಹಾಕಿ ಬೇಳೆ ಎತ್ತಿಕೊಳ್ಳಿ. ನಾಚಿಕೆ ಬೇಡ.

ಎಣ್ಣೆಯ ಕ್ಯಾನ್ ಮೇಲೆ ಈ ತಿಂಗಳ ತಾರೀಕು ಬರೆದಿಡಿ. ಒಂದು ಲೀಟರ್ ಎಣ್ಣೆ ಅಂದರೆ 8 ಸಾವಿರ ಕ್ಯಾಲೊರಿ ಮೇಲೆ. ಮೈಯ ಒಂದು ಕೆಜಿ ಕೊಬ್ಬು ಸುಮಾರು 7,700 ಕ್ಯಾಲೊರಿ. ಪೇಟೆಯಲ್ಲಿ ಮಾತ್ರೆ ಹುಡುಕುವುದಕ್ಕಿಂತ ತಿಂಗಳಿಗೆ ಒಬ್ಬೊಬ್ಬರ ಹೊಟ್ಟೆಗೆ ಎಷ್ಟು ಎಣ್ಣೆ ಹೋಗುತ್ತೆ ಅಂತ ಲೆಕ್ಕ ಹಾಕುವುದು ಮೇಲು.

ಮತ್ತೆ ಭಾರ ಎತ್ತಬೇಕು. ಜಿಮ್ ಬೇಡ. ಎರಡು 5 ಲೀಟರ್ ನೀರಿನ ಕ್ಯಾನ್ ತಗೊಳ್ಳಿ. ಕೈಯಲ್ಲಿ ಹಿಡಿದು ಕುರ್ಚಿಯಿಂದ ಹತ್ತು ಸಲ ಕೂತು ಏಳಿ, ಉಸಿರು ತೆಗೆದು ಮತ್ತೆ ಹತ್ತು, ಮತ್ತೆ ಹತ್ತು. ಗೋಡೆಗೆ ಕೈಯೂರಿ ಹತ್ತು ದಂಡ. ವಾರಕ್ಕೆ ಮೂರು ದಿನ. ತೋಟಕ್ಕೆ ಏರು ದಾರಿ ಇದ್ದರೆ ಇನ್ನೂ ಒಳ್ಳೇದು.

ನಾನೂ ಒಂದು ಕಾಲದಲ್ಲಿ ತಟ್ಟೆ ಕೇಳದೆ ಚೀಟಿ ಕೊಟ್ಟವಳೇ. ಹೊಸದಾಗಿ ಕೆಲಸ ಶುರು ಮಾಡಿದಾಗ ಎಲ್ಲರಿಗೂ ಒಂದೇ ಅಚ್ಚು ಹಾಕಿಸಿದ ಹಾಳೆ: ಬ್ರೌನ್ ಬ್ರೆಡ್, ಬ್ರೊಕೊಲಿ, ಸ್ಕಿಮ್ ಮಿಲ್ಕ್. ನಂಜನಗೂಡಿನ ಹೆಂಗಸೊಬ್ಬರು ತಿಂಗಳಾದ ಮೇಲೆ ಬಂದು, ‘ಬ್ರೊಕೊಲಿ ಸಿಗಲಿಲ್ಲ, ಹೂಕೋಸು ಗೋಬಿ ಮಾಡಿ ತಿಂದೆ. ಬ್ರೌನ್ ಬ್ರೆಡ್ ಸಿಗಲಿಲ್ಲ, ಬೇಕರಿ ಬನ್ ಕಂದು ಬಣ್ಣದ್ದೇ ಇತ್ತು, ಅದನ್ನ ತಿಂದೆ’ ಅಂದರು. ತೂಕ 2 ಕೆಜಿ ಜಾಸ್ತಿಯಾಗಿತ್ತು. ತಪ್ಪು ಅವರದ್ದಲ್ಲ. ಆ ಹಾಳೆಗಳ ಕಟ್ಟನ್ನು ರದ್ದಿಗೆ ಹಾಕಿದೆ.

ಪ್ರಶ್ನೆ: ಮೊಟ್ಟೆಯ ಹಳದಿ ಬಿಸಾಕಿ ಬಿಳಿ ಮಾತ್ರ ತಿನ್ನಬೇಕಾ? ವಯಸ್ಸು 19, ತುಮಕೂರು.

ಬಿಸಾಕಬೇಡಿ. ಮೊಟ್ಟೆಯ 6 ಗ್ರಾಂ ಪ್ರೋಟೀನಿನಲ್ಲಿ ಎರಡೂವರೆಗಿಂತ ಜಾಸ್ತಿ ಹಳದಿಯಲ್ಲೇ ಇದೆ. ವಿಟಮಿನ್ ಎ, ಡಿ, ಕೋಲೀನ್ ಎಲ್ಲ ಅಲ್ಲೇ. ನಿಮ್ಮ ವಯಸ್ಸಿಗೆ ದಿನಕ್ಕೆ ಮೂರು ಪೂರ್ತಿ ಮೊಟ್ಟೆ ತಿನ್ನಿ, ಇನ್ನೂ ಬೇಕೆಂದರೆ ಬಿಳಿ ಸೇರಿಸಿ. ಮನೆಯಲ್ಲಿ ಕೊಲೆಸ್ಟರಾಲ್ ಅಥವಾ ಸಕ್ಕರೆ ಕಾಯಿಲೆ ಇರುವ ಹಿರಿಯರು ಇದನ್ನು ಓದಿ ತಾವೂ ಮೂರು ಶುರು ಮಾಡುವುದು ಬೇಡ, ವೈದ್ಯರನ್ನು ಕೇಳಿ. ಹಸಿ ಮೊಟ್ಟೆ ಕುಡಿಯುವ ಶೂರರಿಗೆ ಒಂದು ಸುದ್ದಿ: ಬೇಯಿಸಿದ ಮೊಟ್ಟೆಯ ಪ್ರೋಟೀನೇ ಮೈಗೆ ಜಾಸ್ತಿ ಹತ್ತುತ್ತೆ.

ಪ್ರಶ್ನೆ: ನಮ್ಮ ಕಾಲದ ಪೈಲ್ವಾನರು ಹಾಲು, ತುಪ್ಪ, ಬಾದಾಮಿ ತಿಂದೇ ಬಂಡೆ ಥರ ಇದ್ದರು. ಈಗಿನವರಿಗೆ ಈ ಡಬ್ಬಿ ಹುಚ್ಚೇಕೆ? ವಯಸ್ಸು 66, ಮೈಸೂರು.

ಸಾರ್, ನಮ್ಮ ದೊಡ್ಡಪ್ಪ ಗರಡಿಮನೆಯ ಆಳು. ನಾನು ಚಿಕ್ಕವಳಿದ್ದಾಗ ಅವರ ಜೊತೆ ದಸರಾ ಕುಸ್ತಿ ನೋಡಲು ಹೋಗುತ್ತಿದ್ದೆ. ನಸುಕಿಗೇ ಎದ್ದು ಸಾಮು ಮಾಡಿ, ಮಟ್ಟಿ ಮೆತ್ತಿದ ಮೈಯಲ್ಲೇ ಮನೆಗೆ ಬರುತ್ತಿದ್ದರು. ದೊಡ್ಡಮ್ಮ ರಾತ್ರಿ ನೆನೆಸಿದ ಬಾದಾಮಿಯನ್ನು ಒರಳಿನಲ್ಲಿ ಅರೆದು, ಹಾಲಿಗೆ ಬೆರೆಸಿ, ಮೇಲೆ ತುಪ್ಪ ಹಾಕಿ ದೊಡ್ಡ ಲೋಟದಲ್ಲಿ ಕೊಡುತ್ತಿದ್ದರು. ಅದರ ವಾಸನೆ ನನಗೆ ಇವತ್ತಿಗೂ ನೆನಪಿದೆ. ಮಕ್ಕಳಾದ ನಮಗೆ ಲೋಟದ ತಳದ ಗಸಿ ಮಾತ್ರ.

ಆ ಊಟ ಕೆಲಸ ಮಾಡಿತು, ನಿಜ. ಹಾಲಿನಲ್ಲಿ ಪ್ರೋಟೀನ್ ಇದೆ. ವೇ ಕೂಡ ಹಾಲಿನದ್ದೇ ಅಲ್ವಾ? ಆದರೆ ತುಪ್ಪಕ್ಕೆ ನಾವು ಕೊಡುವ ಗೌರವ ಅದಕ್ಕೆ ಸಲ್ಲಬೇಕಾದ್ದಕ್ಕಿಂತ ಜಾಸ್ತಿ. 100 ಗ್ರಾಂ ತುಪ್ಪದಲ್ಲಿ ಸುಮಾರು 900 ಕ್ಯಾಲೊರಿ, ಪ್ರೋಟೀನ್ ಸೊನ್ನೆ. ಅದು ಇಟ್ಟಿಗೆ ಅಲ್ಲ, ಸೌದೆ. ದಿನಕ್ಕೆ ನೂರಾರು ದಂಡ, ಸಾವಿರ ಬಸ್ಕಿ ಹೊಡೆದು, ಎರಡು ಗಂಟೆ ಕುಸ್ತಿ ಹಿಡಿಯುವವನ ಒಲೆಗೆ ಅಷ್ಟು ಸೌದೆ ಬೇಕಿತ್ತು.

ದೊಡ್ಡಪ್ಪ ನಲವತ್ತೆರಡಕ್ಕೆ ಭುಜ ಕಳಚಿಕೊಂಡು ಕುಸ್ತಿ ಬಿಟ್ಟರು. ಲೋಟ ಬಿಡಲಿಲ್ಲ. ‘ಪೈಲ್ವಾನನ ಮೈ, ಒಮ್ಮೆಲೇ ನಿಲ್ಲಿಸಬಾರದು’ ಅಂತ ದೊಡ್ಡಮ್ಮನೂ ಅರೆಯುವುದನ್ನು ನಿಲ್ಲಿಸಲಿಲ್ಲ. ಐದಾರು ವರ್ಷದಲ್ಲಿ ಹೊಟ್ಟೆ ಬಂತು, ಐವತ್ತಕ್ಕೆ ಸಕ್ಕರೆ ಕಾಯಿಲೆ, ಆಮೇಲೆ ಕಾಲಿನ ಹುಣ್ಣು. ನಾನು ಈ ವಿಷಯ ಓದಲು ಹೋದದ್ದಕ್ಕೆ ಆ ಲೋಟವೂ ಒಂದು ಕಾರಣ. ನಿಮಗೆ 66. ಈಗ ದಿನಕ್ಕೆ ಎಷ್ಟು ಬಸ್ಕಿ ಹೊಡೆಯುತ್ತೀರಿ? ಅದನ್ನು ಬರೆದು ಕಳಿಸಿ, ಆಮೇಲೆ ತುಪ್ಪದ ಮಾತಾಡೋಣ.

ಪ್ರಶ್ನೆ: ಮಗನಿಗೆ 20 ವರ್ಷ. ಜಿಮ್‌ನಲ್ಲಿ ಕ್ರಿಯಾಟಿನ್ ಅಂತ ಬಿಳಿ ಪುಡಿ ಕೊಡ್ತಾರೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4 ಬಂತು, 1.3ರ ಒಳಗಿರಬೇಕಂತೆ. ಕಿಡ್ನಿ ಹೋಯ್ತು, ಅದು ಸ್ಟಿರಾಯ್ಡು ಅಂತ ಅಕ್ಕಪಕ್ಕದವರೆಲ್ಲ ಹೆದರಿಸ್ತಿದ್ದಾರೆ. ರಾತ್ರಿ ನಿದ್ದೆ ಇಲ್ಲ. – ತಾಯಿ, ಮಂಡ್ಯ

ಅಮ್ಮಾ, ಮೊದಲು ನಿದ್ದೆ ಮಾಡಿ. ಕ್ರಿಯಾಟಿನ್ ಸ್ಟಿರಾಯ್ಡ್ ಅಲ್ಲ. ನಿಮ್ಮ ಮೈ, ನನ್ನ ಮೈ ಎರಡೂ ದಿನಾ ಅದನ್ನು ತಯಾರಿಸುತ್ತವೆ. ಮಾಂಸ, ಮೀನಿನಲ್ಲೂ ಇದೆ. 1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೂಲ್ ಅದನ್ನು ಮೊದಲು ತೆಗೆದದ್ದು ಮಾಂಸದ ರಸದಿಂದಲೇ. ಗ್ರೀಕ್ ಭಾಷೆಯ ‘ಮಾಂಸ’ ಅನ್ನುವ ಪದದಿಂದ ಆ ಹೆಸರು ಬಂತು. ಮಾಂಸಖಂಡ ಗಕ್ಕನೆ ಜೋರು ಹಾಕಬೇಕಾದಾಗ, ಅಂದರೆ ಭಾರ ಎತ್ತುವ ಆ ಹತ್ತು ಸೆಕೆಂಡಿನಲ್ಲಿ, ಬಳಸುವ ಶಕ್ತಿಯ ದಾಸ್ತಾನು ಅದು. ಪುಡಿ ತಗೊಂಡರೆ ದಾಸ್ತಾನು ಸ್ವಲ್ಪ ಹೆಚ್ಚುತ್ತೆ, ಎಂಟು ಸಲ ಎತ್ತುವವನು ಒಂಬತ್ತು ಹತ್ತು ಸಲ ಎತ್ತಬಹುದು. ಮಾಂಸ ತಿನ್ನದವರಲ್ಲಿ ದಾಸ್ತಾನು ಕಡಿಮೆ ಇರುವುದರಿಂದ ಅವರಿಗೆ ಫಲ ಇನ್ನೂ ಚೆನ್ನಾಗಿ ಕಾಣಬಹುದು. ಜಿಮ್ ಅಂಗಡಿಯ ಕಪಾಟಿನಲ್ಲಿ ಹೇಳಿದಷ್ಟು ಕೆಲಸ ಮಾಡುವ ಪುಡಿಗಳು ಎರಡೋ ಮೂರೋ ಇದ್ದರೆ ಅದರಲ್ಲಿ ಇದೂ ಒಂದು. ಅಗ್ಗ ಬೇರೆ.

ಇನ್ನು ಪರೀಕ್ಷೆ. ಹೆಸರು ಎರಡೂ ಒಂದೇ ಥರ ಇರುವುದೇ ಗಲಿಬಿಲಿಗೆ ಕಾರಣ. ಕ್ರಿಯಾಟಿನ್ ಬಳಕೆಯಾಗಿ ಉಳಿಯುವ ಕಸ ಕ್ರಿಯಾಟಿನಿನ್. ಕಿಡ್ನಿ ಆ ಕಸವನ್ನು ಹೊರಗೆ ಹಾಕುತ್ತೆ. ಕಿಡ್ನಿ ಸೋತಾಗ ಕಸ ರಕ್ತದಲ್ಲಿ ನಿಲ್ಲುತ್ತೆ, ಅದಕ್ಕೇ ಅದನ್ನು ಅಳೆಯುತ್ತಾರೆ. ಆದರೆ ಪುಡಿ ತಿಂದರೆ ಕಸವೇ ಜಾಸ್ತಿ ಹುಟ್ಟುತ್ತೆ, ಕಿಡ್ನಿ ಸರಿಯಿದ್ದರೂ ಅಂಕಿ ಸ್ವಲ್ಪ ಮೇಲೆ ತೋರಿಸುತ್ತೆ. ಮಾಂಸಖಂಡ ಜಾಸ್ತಿ ಇರುವವರಲ್ಲಿ, ಹಿಂದಿನ ದಿನ ಮಟನ್ ಊಟ ಮಾಡಿದವರಲ್ಲಿ, ಜೋರಾಗಿ ಜಿಮ್ ಮಾಡಿದವರಲ್ಲೂ ಹೀಗಾಗುತ್ತೆ.

ಹಾಗಂತ 1.4 ಅನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವುದೂ ಬೇಡ. ಮಗ ಎರಡು ಮೂರು ವಾರ ಪುಡಿ ನಿಲ್ಲಿಸಲಿ. ಎರಡು ದಿನ ಜಿಮ್ ಬಿಟ್ಟು ಮತ್ತೆ ರಕ್ತ ಕೊಡಲಿ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಿ, ಬಿಪಿ ನೋಡಿಸಿ. ಆಗಲೂ ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಅಂತ ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಮಾಂಸಖಂಡದ ಹಂಗಿಲ್ಲ. ವೈದ್ಯರಿಗೆ ‘ಕ್ರಿಯಾಟಿನ್ ತಗೋತಿದ್ದ’ ಅಂತ ಮೊದಲೇ ಹೇಳಿ. ಮುಚ್ಚಿಟ್ಟರೆ ಅವರೂ ದಾರಿ ತಪ್ಪುತ್ತಾರೆ. ಎಲ್ಲ ಸರಿ ಬಂದರೆ ದಿನಕ್ಕೆ 3ರಿಂದ 5 ಗ್ರಾಂ, ಒಂದು ಟೀ ಚಮಚ, ಸಾಕು. ಮೊದಲ ವಾರ 20 ಗ್ರಾಂ ನುಂಗಬೇಕು ಅನ್ನುತ್ತಾರಲ್ಲ, ಅದರ ಅಗತ್ಯವಿಲ್ಲ. ತೂಕ ಒಂದು ಕೆಜಿ ಏರಿದರೆ ಗಾಬರಿ ಬೇಡ, ಮಾಂಸಖಂಡದೊಳಗೆ ನೀರು ಕೂರುತ್ತೆ. ಕಿಡ್ನಿ ತೊಂದರೆ ಮೊದಲಿಂದ ಇರುವವರು ಮಾತ್ರ ಮುಟ್ಟಬಾರದು.

ನನಗೆ ಚಿಂತೆ ಬೇರೆ. ‘ಜಿಮ್‌ನಲ್ಲಿ ಕೊಡ್ತಾರೆ’ ಅಂದಿರಿ. ಯಾವ ಡಬ್ಬಿಯಿಂದ? ಬಿಡಿ ಪ್ಯಾಕೆಟ್ಟಿನಲ್ಲಾ? ಲೇಬಲ್ ಇಲ್ಲದ ಬಿಳಿ ಪುಡಿ ಏನು ಬೇಕಾದರೂ ಆಗಿರಬಹುದು. ಡಬ್ಬಿ ಮನೆಗೆ ತರಲಿ, ನೀವೇ ನೋಡಿ.

ಪ್ರಶ್ನೆ: ಕಲಬುರಗಿಯಿಂದ. ಪೊಲೀಸ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಗೆಳೆಯನೊಬ್ಬ ಅರ್ಧ ಬೆಲೆಗೆ ವೇ ಪ್ರೋಟೀನ್ ಕೊಡಿಸಿದ. ಬಿಲ್ ಇಲ್ಲ. ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತೆ?

ಬಿಲ್ ಇಲ್ಲ, ಅರ್ಧ ಬೆಲೆ. ಉತ್ತರದ ಅರ್ಧ ಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ.

ಮನೆಯಲ್ಲಿ ಖಚಿತವಾಗಿ ತಿಳಿಯುವ ಉಪಾಯ ಇಲ್ಲ. ನೀರಿನಲ್ಲಿ ಬೇಗ ಕರಗಿತು, ಬೆಂಕಿಗೆ ಹಿಡಿದರೆ ವಾಸನೆ ಬಂತು ಅನ್ನುವುದೆಲ್ಲ ಆಟ. ಔಷಧಿ ಅಂಗಡಿಯ ಅಯೋಡಿನ್ ಒಂದು ಹನಿ ಹಾಕಿ ನೋಡಬಹುದು. ಕಡುನೀಲಿಗೆ ತಿರುಗಿದರೆ ಪಿಷ್ಟ ಬೆರೆಸಿದ್ದಾರೆ. ತಿರುಗದಿದ್ದರೆ ಅಸಲಿ ಅಂತ ಅಲ್ಲ, ಪಿಷ್ಟ ಇಲ್ಲ ಅಂತ ಮಾತ್ರ.

ಹೊರಗೆ ಚೆನ್ನಾಗಿಯೇ ಇರುವ ಕಂಪನಿಗಳೂ ಒಂದು ಚಾಲಾಕಿ ಮಾಡುತ್ತವೆ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯಲ್ಲ. ನೈಟ್ರೋಜನ್ ಅಳೆದು ಅದರಿಂದ ಲೆಕ್ಕ ಹಾಕುತ್ತಾರೆ. ಆದ್ದರಿಂದ ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಪುಡಿ ಬೆರೆಸಿದರೆ ನೈಟ್ರೋಜನ್ ಏರುತ್ತೆ, ಲೇಬಲ್ ಮೇಲೆ ಪ್ರೋಟೀನ್ ಏರುತ್ತೆ, ನಿಮ್ಮ ಮೈಗೆ ಏನೂ ಏರಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿ ಪರೀಕ್ಷೆಗೆ ಮಣ್ಣೆರಚಿದ್ದು ಇದೇ ಲೆಕ್ಕದಿಂದ. ಆ ಹಾಲಿನ ಪುಡಿ ಕುಡಿದು ಸುಮಾರು 3 ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಕೂಸುಗಳು ತೀರಿಹೋದವು. ನಮ್ಮಲ್ಲಿ 2024ರಲ್ಲಿ ಕೇರಳದ ವೈದ್ಯರ ತಂಡವೊಂದು ಇಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿತು. ಸುಮಾರು ಶೇ 70ರಷ್ಟರಲ್ಲಿ ಲೇಬಲ್ ಒಂದು ಹೇಳಿದರೆ ಒಳಗೆ ಇನ್ನೊಂದಿತ್ತು. ಕೆಲವದರಲ್ಲಿ ಬೂಷ್ಟಿನ ವಿಷವೂ ಸಿಕ್ಕಿತು.

ಮುಂದೆ ಕೊಳ್ಳುವುದಾದರೆ ಬಿಲ್ ಕೊಡುವ ಅಂಗಡಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ಹರಿಯದ ಸೀಲು, ಆಮದು ಮಾಲಾದರೆ ಆಮದುದಾರರ ಹೆಸರಿನ ಚೀಟಿ ನೋಡಿ. ಪ್ರತಿ 100 ಗ್ರಾಂಗೆ ಪ್ರೋಟೀನ್ ಎಷ್ಟು ಅನ್ನುವ ಸಾಲು ಓದಿ. 70ಕ್ಕಿಂತ ಕಡಿಮೆ ಇದ್ದರೆ ವಾಪಸ್ ಇಡಿ.

ಈಗಿನ ಡಬ್ಬಿಯನ್ನು ನಾನಾದರೆ ಬಾಯಿಗೆ ಹಾಕಲ್ಲ. ದೈಹಿಕ ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆ ಕೆಟ್ಟರೆ ಓಡುವುದು ಹೇಗೆ? ಮತ್ತೆ, ನಿಮಗೆ ಬೇಕಾಗಿರುವುದು ಓಟ. ಓಡುವವರಿಗೆ ಜೋಳದ ರೊಟ್ಟಿ, ಬೇಳೆ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಎಲ್ಲ ನಿಮ್ಮ ಮನೆಯಲ್ಲೇ ಇದೆ. ರೊಟ್ಟಿ ಕಡಿಮೆ ಮಾಡಬೇಡಿ. ಬಿಸಿಲೇರುವ ಮುಂಚೆ ಓಡಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಪ್ರಶ್ನೆ: ವಯಸ್ಸು 27, ಹುಬ್ಬಳ್ಳಿ. ದೇಹದಾರ್ಢ್ಯ ಸ್ಪರ್ಧೆಗೆ ಇನ್ನು ಎರಡೇ ತಿಂಗಳು. ‘ಕಟಿಂಗ್’ಗೆ, ಅಂದರೆ ಕೊಬ್ಬು ಇಳಿಸೋಕೆ, ಥೈರಾಯ್ಡ್ ಮಾತ್ರೆ, ಅಸ್ತಮಾ ಮಾತ್ರೆ, ಒಂದು ಹಳದಿ ಪುಡಿ ಮತ್ತು ಇಂಜೆಕ್ಷನ್ ಹೇಳಿದ್ದಾರೆ.

ಹಳದಿ ಪುಡಿ ಅಂದಿರಲ್ಲ, ಅದು ಡಿಎನ್‌ಪಿ ಆಗಿದ್ದರೆ ಇವತ್ತೇ ಶೌಚಾಲಯಕ್ಕೆ ಸುರಿಯುವುದೂ ಬೇಡ, ಮುಟ್ಟದೆ ಕಟ್ಟಿಟ್ಟು ವೈದ್ಯರಿಗೆ ತೋರಿಸಿ. ಬಣ್ಣ, ಸಿಡಿಮದ್ದು ಮಾಡಲು ಬಳಸುತ್ತಿದ್ದ ರಾಸಾಯನಿಕ ಅದು. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಮಾರಿದರು. ಜನ ಒಳಗಿಂದಲೇ ಬೆಂದ ಹಾಗೆ ಜ್ವರ ಏರಿ ಸತ್ತರು. 1938ರಲ್ಲಿ ನಿಲ್ಲಿಸಿದರು. ಅದಕ್ಕೆ ಮದ್ದಿಲ್ಲ.

ಥೈರಾಯ್ಡ್ ಸರಿಯಿರುವವರು ಆ ಮಾತ್ರೆ ನುಂಗಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತೆ, ಎದೆ ಡವಡವ ಹೊಡೆದುಕೊಳ್ಳುತ್ತೆ. ಇಂಜೆಕ್ಷನ್ ಟೆಸ್ಟೊಸ್ಟೆರಾನ್ ಜಾತಿಯದ್ದಾದರೆ ನಿಮ್ಮ ಮೈ ತನ್ನದನ್ನು ಮಾಡುವುದನ್ನೇ ನಿಲ್ಲಿಸುತ್ತೆ, ವೀರ್ಯಾಣು ಇಳಿಯುತ್ತೆ. ಮದುವೆಯಾಗಿ ಮೂರು ವರ್ಷ ಮಗುವಾಗದೆ ಬಂದು, ಹೆಂಡತಿಯನ್ನು ಹೊರಗೆ ಕೂರಿಸಿ ನನಗೆ ಮಾತ್ರ ಇದನ್ನು ಹೇಳಿದ ಹುಡುಗರಿದ್ದಾರೆ. ಸ್ಪರ್ಧೆಗೆ ವಾರಕ್ಕೆ ಅರ್ಧ ಕೆಜಿ ಲೆಕ್ಕದಲ್ಲಿ ಊಟದಿಂದ ಎಷ್ಟು ಇಳಿಯುತ್ತೋ ಅಷ್ಟರಲ್ಲಿ ವೇದಿಕೆ ಹತ್ತಿ. ಇದಕ್ಕಿಂತ ಹೆಚ್ಚು ನಾನು ಬರೆಯಲ್ಲ.

ಪ್ರಶ್ನೆ: ಧಾರವಾಡದಿಂದ ಬರೀಲಿಕ್ಹತ್ತೀನ್ರಿ. ಮಗ ಜಿಮ್ಮಿಗೆ ಅಂತ 2 ಕೆಜಿ ಪ್ರೋಟೀನ್ ಡಬ್ಬಿ ತರಿಸಿದ. ಹದಿನೈದು ದಿನ ಹೋದ, ಬಿಟ್ಟ. ಈಗ ಬ್ಯಾರೆ ಊರಾಗ ನೌಕರಿ. ಡಬ್ಬಿ ಫ್ರಿಜ್ಜಿನ ಮ್ಯಾಲೆ ಕುಂತದ. ಐದು ಸಾವಿರದ್ದು, ಚೆಲ್ಲಾಕ ಮನಸ್ಸಿಲ್ಲ. ನಾ ಕುಡೀಬಹುದೇನ್ರಿ? ನನಗ 56, ಮೊಣಕಾಲು ನೋವು, ಶುಗರ್ ಇಲ್ಲ.

ಕುಡೀರಿ! ಬಂದ ಪತ್ರಗಳಲ್ಲೆಲ್ಲ ಈ ಡಬ್ಬಿ ನಿಜವಾಗಿ ಬೇಕಾಗಿದ್ದದ್ದು ನಿಮಗೇ ಏನೋ.

ಐವತ್ತು ದಾಟಿದ ಮೇಲೆ, ಅದರಲ್ಲೂ ಮುಟ್ಟು ನಿಂತ ಮೇಲೆ, ತೊಡೆಯ ಮಾಂಸಖಂಡ ಬೇಗ ಬೇಗ ಸವೆಯುತ್ತೆ. ತೊಡೆ ಸೋತರೆ ಭಾರವೆಲ್ಲ ಮೊಣಕಾಲಿಗೆ. ನಿಮ್ಮ ವಯಸ್ಸಿಗೆ ತೂಕದ ಕೆಜಿಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ಪ್ರೋಟೀನ್ ಇರಲಿ. ಎರಡು ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆಯಲ್ಲಿ ಅದು ಬರಲ್ಲ.

ಮೊದಲು ಡಬ್ಬಿಯ ತಾರೀಕು ನೋಡಿ. ಒಳಗೆ ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಐದು ಸಾವಿರ ಅಂತ ನೋಡದೆ ಬಿಸಾಕಿ. ಚೆನ್ನಾಗಿದ್ದರೆ ದಿನಕ್ಕೆ ಅರ್ಧ ಸ್ಕೂಪಿನಿಂದ ಶುರು ಮಾಡಿ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರಾದರೆ ಇದರಲ್ಲೂ ಅನ್ನಬಹುದು. ಕುದಿಯುವ ನೀರಿಗೆ ಹಾಕಬೇಡಿ, ಒಡೆದು ಮುದ್ದೆಯಾಗುತ್ತೆ. ತಣ್ಣನೆ ಹಾಲಿಗೆ ಹಾಕಿ ಮಜ್ಜಿಗೆ ಕಡೆಯುವ ಹಾಗೆ ಕಡೆಯಿರಿ. ಕಿಡ್ನಿ ತೊಂದರೆ ಇಲ್ಲ ಅಂತ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಮೇಲೆ ಶಿರಸಿಯವರಿಗೆ ಹೇಳಿದ ಕುರ್ಚಿಯ ಬಸ್ಕಿಯನ್ನು ನೀವೂ ಮಾಡಿ, ಕ್ಯಾನ್ ಇಲ್ಲದೆ. ಮೊಣಕಾಲು ಚುಚ್ಚಿದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

ದಿನಕ್ಕೊಂದು ಸ್ಕೂಪಿಗೆ ಬಂದರೆ ಎರಡು ತಿಂಗಳಲ್ಲಿ ಡಬ್ಬಿ ಖಾಲಿ. ಇನ್ನೊಂದು ತರಿಸಬೇಡಿ. ತೊಳೆದು ಬಿಸಿಲಿಗಿಟ್ಟು ತೊಗರಿಬೇಳೆ ತುಂಬಿಡಿ. ಮುಚ್ಚಳ ಬಿಗಿ ಇರುತ್ತೆ, ಹುಳ ಬೀಳಲ್ಲ.